ಕವಳದ ತಟ್ಟೆ, ಚರ್ಚಿಲ್ ಸಿಗಾರ್ ಮತ್ತು ಹುಲಗೋಳದ ಜಗಲಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಕಥೆ ಶುರುವಾಗೋದು ಒಂದು ಸಿನಿಮಾ ತುಣುಕಿನಿಂದ. 2025ರ ಜನವರಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ‘ಟಾಕ್ಸಿಕ್’ ಚಿತ್ರದ ಒಂದು ಝಲಕ್ ಬಂತು, ನೆನಪಿದೆಯಾ? ತಲೆಗೆ ಹ್ಯಾಟು, ಬಾಯಲ್ಲಿ ಸಿಗಾರ್. ನಿಮ್ಮಲ್ಲಿ ಎಷ್ಟೋ ಜನ ಅದನ್ನ ಸ್ಟೇಟಸ್‌ಗೆ ಹಾಕಿರ್ತೀರಿ. ಆದ್ರೆ ನಿಮ್ಮ ಅಪ್ಪನ ಕಾಲದ ಕನ್ನಡ ಸಿನಿಮಾ ನೋಡಿ. ಅಲ್ಲಿ ಸಿಗಾರ್ ಅಥವಾ ಪೈಪ್ ಹಿಡಿದು ಮೆಟ್ಟಿಲು ಇಳಿದು ಬರೋನು ಬಹುಪಾಲು ಖಳನಾಯಕನೇ. ಅದೇ ಸೊಪ್ಪು, ಅದೇ ಹೊಗೆ, ಕೈ ಮಾತ್ರ ಬದಲು.

ಈ ಬದಲಾವಣೆಯನ್ನ ಹುಡುಕ್ತಾ ಹೋದ್ರೆ ಹವಾನಾಗೆ ಹೋಗಬೇಕಿಲ್ಲ. ಶಿರಸಿ ತಾಲೂಕಿನ ಹುಲಗೋಳಕ್ಕೆ ಬಂದ್ರೆ ಸಾಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಲ್ಲ ಊರುಗಳ ಹಾಗೆ ಇಲ್ಲೂ ಕಣಿವೆಯಲ್ಲಿ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಜಗಲಿ ಇರೋ ಮನೆ. ಈ ಜಗಲಿಗೆ ಯಾರೇ ಬಂದ್ರೂ ಮೊದಲ ಪ್ರಶ್ನೆ ‘ಆಸರಿಗೆ ಎಂತ ಬೇಕು?’. ನೀರು ಬೆಲ್ಲ ಆಯ್ತು, ಚಾ ಆಯ್ತು, ಆಮೇಲೆ ಕವಳದ ತಟ್ಟೆ. ವೀಳ್ಯದೆಲೆ, ಅಡಿಕೆ, ಅಡಕತ್ತರಿ, ಸುಣ್ಣದ ಡಬ್ಬಿ, ಪಕ್ಕದಲ್ಲಿ ಒಂದಿಷ್ಟು ತಂಬಾಕು. ತಟ್ಟೆ ಮುಂದೆ ಸರಿಸದೇ ಇದ್ರೆ ಬಂದವರಿಗೆ ಮರ್ಯಾದೆ ಕೊಡಲಿಲ್ಲ ಅಂತಲೇ ಅರ್ಥ. ಜಗಳದ ರಾಜಿ, ಮದುವೆ ಮಾತುಕತೆ, ಯಕ್ಷಗಾನ ಪ್ರಸಂಗದ ವಿಮರ್ಶೆ, ಎಲ್ಲವೂ ಈ ತಟ್ಟೆಯ ಸುತ್ತಲೇ.

ಈಗ ಆ ತಟ್ಟೆಯನ್ನ ಸ್ವಲ್ಪ ಸರಿಯಾಗಿ ನೋಡಿ. ಅಡಿಕೆ ತೋಟದ್ದು. ಎಲೆಬಳ್ಳಿ ಅದೇ ಅಡಿಕೆ ಮರಕ್ಕೆ ಹಬ್ಬಿದ್ದು. ತಂಬಾಕು ಮಾತ್ರ ಪೇಟೆಯಿಂದ ಬಂದದ್ದು, ಅಂದ್ರೆ ಅದು ಈ ತಟ್ಟೆಯ ಹೊಸ ನೆಂಟ.

ಎಷ್ಟು ಹೊಸಬ? ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದಾಗ ಎಲೆ ಅಡಿಕೆ ಬಗ್ಗೆ ಬಾಯಿ ತುಂಬ ಹೊಗಳಿ ಬರೆದ. ಆ ಎಲೆಯಲ್ಲಿ ತಂಬಾಕು ಇರಲು ಸಾಧ್ಯವೇ ಇಲ್ಲ. ಯಾಕಂದ್ರೆ ತಂಬಾಕು ಅಮೆರಿಕ ಖಂಡದ ಗಿಡ, ಕೊಲಂಬಸ್ ಅಲ್ಲಿಗೆ ಹೋಗಿದ್ದೇ 1492ರಲ್ಲಿ. ಆಮೇಲೆ ಪೋರ್ಚುಗೀಸರ ಹಡಗಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂತು. ಮೆಣಸಿನಕಾಯಿ, ಗೋಡಂಬಿ ಕೂಡ ಅದೇ ದಾರೀಲಿ ಬಂದವು. ಹಾಗಾಗಿ ‘ನಮ್ಮ ಸಾವಿರಾರು ವರ್ಷದ ತಂಬಾಕಿನ ಕವಳ’ ಅಂತ ಯಾರಾದ್ರೂ ಹೇಳಿದ್ರೆ, ನೂರುಗಳಲ್ಲಿ ಲೆಕ್ಕ ಹಾಕೋಕೆ ಹೇಳಿ.

ತಂಬಾಕಿನ ಬಗ್ಗೆ ನಮ್ಮ ದೇಶದಲ್ಲಿ ನಡೆದ ಅತಿ ಹಳೆಯ ವಾದವಿವಾದಗಳಲ್ಲಿ ಒಂದಕ್ಕೆ ಕಾರಣ ಆಗಿದ್ದು ಕರ್ನಾಟಕದ ಸರಕು ಅನ್ನೋದು ನನಗೆ ಬಹಳ ಇಷ್ಟದ ಸಂಗತಿ. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ಬಿಜಾಪುರಕ್ಕೆ ಬಂದಿದ್ದ. ಆಗ ಅಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹಿ ದೊರೆ. ಮೊಗಲರ ಸೀಮೆಯಲ್ಲಿ ಅಸದ್ ಬೇಗ್ ತಂಬಾಕು ಕಂಡಿರಲಿಲ್ಲ, ಬಿಜಾಪುರದಲ್ಲಿ ಕಂಡ. ಒಂದು ಉದ್ದನೆಯ, ರತ್ನ ಕೂರಿಸಿದ ಕೊಳವೆ ಮಾಡಿಸಿದ. ತಂಬಾಕು ತುಂಬಿಸಿದ್ದು ಯಾವುದರಲ್ಲಿ ಗೊತ್ತಾ? ಆದಿಲ್ ಶಾಹಿ ದೊರೆ ಉಡುಗೊರೆ ಕೊಟ್ಟ ತಾಂಬೂಲದ ಚೀಲದಲ್ಲಿ! ತಾಂಬೂಲದ ಜಾಗಕ್ಕೆ ತಂಬಾಕು ನುಗ್ಗಿದ್ದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕಾ?

ಅದನ್ನ ಆಗ್ರಾಕ್ಕೆ ಒಯ್ದು ಅಕ್ಬರನ ಮುಂದೆ ಇಟ್ಟ. ಬಾದಶಹ ಕುತೂಹಲಕ್ಕೆ ಎರಡು ಮೂರು ದಮ್ಮು ಎಳೆದ. ಪಕ್ಕದಲ್ಲಿದ್ದ ವೈದ್ಯನಿಗೆ ಗಾಬರಿ. ನಮ್ಮ ವೈದ್ಯಗ್ರಂಥದಲ್ಲಿ ಇಲ್ಲದ್ದು, ಪರೀಕ್ಷೆ ಮಾಡದೇ ಸೇದಬಾರದು ಅಂತ ತಡೆದ. ಅಸದ್ ಬೇಗ್ ಬಿಡಲಿಲ್ಲ. ಲೋಕದ ಯಾವ ಪದ್ಧತಿ ತಾನೇ ಒಂದು ಕಾಲಕ್ಕೆ ಹೊಸದಾಗಿರಲಿಲ್ಲ ಅಂತ ವಾದಿಸಿದ. ವಾದ ಗೆದ್ದದ್ದು ರಾಯಭಾರಿ, ದೊರೆ ಅವನನ್ನ ಹೊಗಳಿದ. ಆದ್ರೆ ಅಕ್ಬರ್ ಮತ್ತೆ ಸೇದಲಿಲ್ಲ. ಆಸ್ಥಾನದ ಅಮೀರರು ಮಾತ್ರ ಹಿಡಿದುಕೊಂಡ್ರು, ವ್ಯಾಪಾರಿಗಳು ತರಿಸೋಕೆ ಶುರು ಮಾಡಿದ್ರು. ಮಗ ಜಹಾಂಗೀರ್ 1617ರಲ್ಲಿ ನಿಷೇಧ ಹೇರಿದ. ಯಾರೂ ಕೇಳಲಿಲ್ಲ. ಇವತ್ತು ಹಾಸ್ಟೆಲಲ್ಲಿ ವೇಪ್ ಇಟ್ಕೊಂಡವರು ಮಾಡೋ ವಾದವೂ ಹೆಚ್ಚುಕಡಿಮೆ ಅಸದ್ ಬೇಗನದೇ. ವೈದ್ಯನ ಮಾತು ಆಗಲೂ ಬೋರು, ಈಗಲೂ ಬೋರು.

ಸಿಗಾರಿಗೆ ಬರೋಣ. ದಪ್ಪ ಸುರುಳಿ ಹೊಗೆಸೊಪ್ಪಿಗೆ ಇಂಗ್ಲಿಷರು ‘ಚೆರೂಟ್’ ಅಂತಾರಲ್ಲ, ಆ ಪದ ಅವರದ್ದಲ್ಲ. ತಮಿಳಿನ ‘ಸುರುಟ್ಟು’ ಅನ್ನೋದರಿಂದ ಹೋದದ್ದು. ಕನ್ನಡದ ‘ಸುರುಟು’, ‘ಸುರುಳಿ’ ಎಲ್ಲ ಅದರ ನೆಂಟರೇ. ತಿರುಚಿನಾಪಳ್ಳಿಯ ಚೆರೂಟು ಬ್ರಿಟಿಷ್ ಅಧಿಕಾರಿಗಳ ಬಾಯಲ್ಲಿ ಇಂಗ್ಲೆಂಡ್ ತನಕ ಹೋಯ್ತು.

ಜಗತ್ತಿನ ಅತಿ ಪ್ರಸಿದ್ಧ ಸಿಗಾರ್ ಸೇದುಗನೂ ನಮ್ಮ ರಾಜ್ಯದಲ್ಲಿ ಬಾಳಿದವನೇ. ವಿನ್‌ಸ್ಟನ್ ಚರ್ಚಿಲ್ 1895ರ ಕೊನೆಗೆ ಕ್ಯೂಬಾಕ್ಕೆ ಹೋಗಿದ್ದ, ಹವಾನಾ ಸಿಗಾರಿನ ನಂಟು ಅಲ್ಲಿಂದ. ಮರುವರ್ಷವೇ, 21ರ ಹರೆಯದಲ್ಲಿ, ಸೈನ್ಯದ ಜೊತೆ ಬೆಂಗಳೂರಿಗೆ ಬಂದ. ಇಲ್ಲಿ ಪೋಲೋ ಆಡಿದ, ಚಿಟ್ಟೆ ಹಿಡಿದ, ಗುಲಾಬಿ ಬೆಳೆಸಿದ, ರಾಶಿಗಟ್ಟಲೆ ಓದಿದ. ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿ ಅವನ 13 ರೂಪಾಯಿ ಬಾಕಿ ಇನ್ನೂ ಹಾಗೇ ಇದೆ. ಪೋಲೋ ವಯಸ್ಸಿನ ಜೊತೆ ಕಳಚಿಕೊಂಡಿತು. ಸಿಗಾರ್ ಮಾತ್ರ ಉಳೀತು, ಎಷ್ಟರಮಟ್ಟಿಗೆ ಅಂದ್ರೆ ಅದಿಲ್ಲದೆ ಅವನ ವ್ಯಂಗ್ಯಚಿತ್ರ ಬರೆಯೋಕೇ ಆಗದಷ್ಟು. ಹವ್ಯಾಸ ಅಂದ್ರೆ ಬೇಡವಾದಾಗ ಬಿಡಬಹುದಾದದ್ದು. ಪೋಲೋ ಹವ್ಯಾಸ, ಸಿಗಾರ್ ಚಟ. ವ್ಯತ್ಯಾಸ ಅಷ್ಟೇ.

ಅದೇ ಹೊತ್ತಿಗೆ ಹಳ್ಳಿಯಲ್ಲಿ ಬೇರೆಯದೇ ಲೆಕ್ಕ. ಸಿಗಾರ್ ಸಾಹೇಬರದ್ದು, ಬೀಡಿ ಆಳಿನದ್ದು, ನಶ್ಯ ಭಟ್ಟರದ್ದು, ಕವಳ ಎಲ್ಲರದ್ದು. ಮಂಗಳೂರಲ್ಲಿ 1930ರಲ್ಲಿ ಭಾರತ್ ಬೀಡಿ, ಮೈಸೂರಲ್ಲಿ 1939ರಲ್ಲಿ ಗಣೇಶ್ ಬೀಡಿ ಶುರುವಾದವು. ಕರಾವಳಿಯ ಸಾವಿರಾರು ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿ ಸಂಸಾರ ನಡೆಸಿದ್ರು. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಬಂದ ಕಾಯ್ದೆಯ ಹೆಸರಲ್ಲಿ ‘ಬೀಡಿ ಮತ್ತು ಸಿಗಾರ್’ ಅಂತ ಎರಡೂ ಒಟ್ಟಿಗೆ ಇದ್ದವು. ಕಾನೂನಿನ ಕಣ್ಣಲ್ಲಾದ್ರೂ ಸಾಹೇಬ, ಆಳು ಒಂದೇ ಸಾಲಲ್ಲಿ ಕೂತ್ರಲ್ಲ!

ಮಲೆನಾಡಿನ ಮನೆಗಳಲ್ಲಿ ಒಂದು ವಿಚಿತ್ರ ನಿಯಮ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ತಂಬಾಕನ್ನ ಅಪ್ಪನ ಎದುರೇ ಬಾಯಿಗೆ ಹಾಕಬಹುದು, ಅಜ್ಜಿಯೂ ಹಾಕ್ತಾರೆ, ಯಾರೂ ಏನೂ ಅನ್ನಲ್ಲ. ಅದೇ ತಂಬಾಕಿಗೆ ಬೆಂಕಿ ಹಚ್ಚಿದ್ರೆ ಮಾತ್ರ ಹುಡುಗ ಕೆಟ್ಟ. ಜಗಲಿಯಲ್ಲಿ ಕವಳ, ಕೊಟ್ಟಿಗೆ ಹಿಂದೆ ಬೀಡಿ. ಹೆಣ್ಣುಮಕ್ಕಳು ಸೇದೋ ಮಾತಂತೂ ಇಲ್ಲವೇ ಇಲ್ಲ. ಈ ನಾಚಿಕೆಗೂ ಕಾಯಿಲೆಗೂ ಸಂಬಂಧವೇ ಇರಲಿಲ್ಲ. ಅದು ಶುದ್ಧ ಮರ್ಯಾದೆಯ ವಿಷಯ. ನಮ್ಮ ತಂಬಾಕಿನ ಇತಿಹಾಸದಲ್ಲಿ ದೊಡ್ಡ ಅನಾಹುತಕ್ಕೆ ದಾರಿ ಮಾಡಿದ್ದು ಈ ನಿಯಮವೇ ಅಂತ ನನ್ನ ಅನಿಸಿಕೆ. ಸೇದೋದು ಕೆಟ್ಟದ್ದು, ಜಗಿಯೋದು ಸಂಸ್ಕೃತಿ ಅಂತ ಎರಡು ಖಾನೆ ಮಾಡಿ ಕೂತುಬಿಟ್ವಿ.

ದೇಹಕ್ಕೆ ಈ ಖಾನೆ ಗೊತ್ತಿಲ್ಲ. ಸ್ವಲ್ಪ ರಸಾಯನ ಶಾಸ್ತ್ರ ಹೇಳ್ತೀನಿ, ಫಾರ್ವರ್ಡ್ ಮಾಡ್ಬೇಡಿ. ಸಿಗರೇಟಿನ ಹೊಗೆಯಲ್ಲಿ ಆಮ್ಲದ ಅಂಶ ಹೆಚ್ಚು, ಹಾಗಾಗಿ ನಿಕೋಟಿನ್ ಸಿಗಬೇಕಾದ್ರೆ ಶ್ವಾಸಕೋಶಕ್ಕೇ ಎಳೀಬೇಕು. ಸಿಗಾರಿನ ಹೊಗೆ ಕ್ಷಾರ. ಒಳಗೆ ಎಳೆಯದಿದ್ರೂ ಬಾಯಿಯ ಒಳಪದರವೇ ನಿಕೋಟಿನ್ ಹೀರಿಕೊಳ್ಳುತ್ತೆ. ‘ನಾನು ಹೊಗೆ ಒಳಗೆ ತಗೊಳಲ್ಲ, ಸುಮ್ನೆ ರುಚಿಗೆ’ ಅನ್ನೋ ಸಿಗಾರ್ ಪ್ರಿಯರ ಮಾತು ಅದಕ್ಕೇ ನಿಲ್ಲಲ್ಲ. ಒಂದು ದೊಡ್ಡ ಸಿಗಾರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಈಗ ಕವಳದ ಸುಣ್ಣ ನೆನಪಿಸಿಕೊಳ್ಳಿ. ಸುಣ್ಣವೂ ಕ್ಷಾರ. ಎಲೆಗೆ ಸುಣ್ಣ ಹಚ್ಚಿ ತಂಬಾಕು ಇಟ್ಟಾಗ ಕೆನ್ನೆಯಲ್ಲಿ ನಡೆಯೋದೂ ಅದೇ ಕೆಲಸ. ಅಡಿಕೆಯ ಅರೆಕೋಲಿನ್ ಕೂಡ ಸುಣ್ಣದ ಜೊತೆ ಸೇರಿದಾಗಲೇ ಕಿಕ್ ಕೊಡೋದು. ಅಂದ್ರೆ ಚರ್ಚಿಲ್ಲನ ಬಾಯಿ, ಹುಲಗೋಳದ ಜಗಲಿಯ ಬಾಯಿ, ಎರಡೂ ಒಂದೇ ಸೂತ್ರದಲ್ಲಿ ಓಡ್ತಿದ್ದವು.

‘ಚರ್ಚಿಲ್ 90 ವರ್ಷ ಬದುಕಿದ್ನಲ್ಲ?’ ಅಂತ ಕಾಮೆಂಟ್ ಬಂದೇ ಬರುತ್ತೆ. ಅದೇ ಮಾತಿನ ಮಲೆನಾಡು ಆವೃತ್ತಿ: ‘ನಮ್ಮ ಅಜ್ಜ 90 ವರ್ಷ ಕವಳ ಹಾಕ್ತಾ ಗಟ್ಟಿಯಾಗೇ ಇದ್ರು.’ ಇದ್ದಿರಬಹುದು. ಆದ್ರೆ ಬದುಕಿ ಉಳಿದವರ ಕಥೆ ಮಾತ್ರ ಜಗಲಿಗೆ ಬರುತ್ತೆ. 45ಕ್ಕೇ ಹೋದವರ ಕವಳದ ಬಗ್ಗೆ ಯಾರೂ ಹೆಮ್ಮೆಯಿಂದ ಹೇಳಲ್ಲ. ಈ ಲೆಕ್ಕ ಸರಿಯಾಗಿ ಮಾಡಿದವರು ಬ್ರಿಟನ್ನಿನ ರಿಚರ್ಡ್ ಡಾಲ್. 1950ರಲ್ಲಿ ಸಿಗರೇಟು ಮತ್ತು ಶ್ವಾಸಕೋಶದ ಕ್ಯಾನ್ಸರ್ ನಂಟಿನ ಅಧ್ಯಯನ ಮಾಡ್ತಾ, ಬಂದ ಫಲಿತಾಂಶ ನೋಡಿ, ಸ್ವತಃ ಸೇದ್ತಿದ್ದ ಅವರೇ ಬಿಟ್ಟರು. 1951ರಿಂದ 34 ಸಾವಿರಕ್ಕೂ ಹೆಚ್ಚು ಗಂಡು ಡಾಕ್ಟರುಗಳನ್ನ 50 ವರ್ಷ ಹಿಂಬಾಲಿಸಿದ್ರು. 2004ರಲ್ಲಿ ಬಂದ ಲೆಕ್ಕ: ಸಿಗರೇಟು ಸೇದ್ತಾ ಹೋದವರು ಸರಾಸರಿ 10 ವರ್ಷ ಮೊದಲೇ ಸತ್ತರು. 50ಕ್ಕೆ ಬಿಟ್ಟವರು ಸುಮಾರು 6 ವರ್ಷ ವಾಪಸ್ ಗಳಿಸಿದ್ರು, 30ಕ್ಕೆ ಬಿಟ್ಟವರು ಹೆಚ್ಚುಕಡಿಮೆ ಹತ್ತಕ್ಕೆ ಹತ್ತೂ. ಇದನ್ನ ಕೇಳ್ತಿರೋ ಬಹಳ ಜನಕ್ಕೆ ಇನ್ನೂ 30 ಆಗಿಲ್ಲ ಅನ್ನೋದು ನನಗೆ ಗೊತ್ತು.

ಜಗಿಯೋರ ಕಡೆ ವಿಜ್ಞಾನ ಬಂದದ್ದು ತಡವಾಗಿ. ತಂಬಾಕು ಸೇರಿಸಿದ ಎಲೆ ಅಡಿಕೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1985ರಲ್ಲಿ ಹೇಳ್ತು. 2003ರಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸ್ತು. ಅಲ್ಲಿಗೆ ವಿಷಯ ಹುಲಗೋಳದ ತೋಟಕ್ಕೇ ಬಂದು ನಿಲ್ತು. ಸಿಗಾರ್ ಬೇಡ ಅಂದ್ರೆ ಇಲ್ಲಿ ಯಾರಿಗೂ ನಷ್ಟ ಇಲ್ಲ. ಅಡಿಕೆ ಬೇಡ ಅಂದ್ರೆ? ಶಿರಸಿಯ ತೋಟಗಾರರ ಸಹಕಾರಿ ಸಂಘ, ನಾವು ಟಿಎಸ್‌ಎಸ್ ಅಂತೀವಲ್ಲ, ಅದು 1923ರಿಂದ ನಿಂತಿರೋದೇ ಅಡಿಕೆ ಮೇಲೆ. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಮಾನ್ಯತೆಯ ಟ್ಯಾಗ್ ಸಿಕ್ತು. ಈ ತೋಟದ ದುಡ್ಡಲ್ಲೇ ಓದಿ ಬೆಂಗಳೂರಿಗೆ ಹೋದ ಮಕ್ಕಳು ಈಗ ಈ ಪಾಡ್‌ಕಾಸ್ಟ್ ಕೇಳ್ತಿದ್ದಾರೆ. ಬೆಳೆಗಾರರ ಸಂಘಟನೆಗಳು ಆ ವರ್ಗೀಕರಣವನ್ನ ಒಪ್ಪಲ್ಲ. ಗುಟ್ಕಾದ ಕಲಬೆರಕೆಯ ಪಾಪವನ್ನ ಶುದ್ಧ ಅಡಿಕೆಯ ತಲೆಗೆ ಕಟ್ತಿದ್ದಾರೆ ಅನ್ನೋದು ಅವರ ವಾದ. ಅವರ ಹೊಟ್ಟೆಪಾಡಿನ ಭಯ ಸುಳ್ಳಲ್ಲ. ಆದ್ರೆ ಭಯ ನಿಜ ಅಂದ ಮಾತ್ರಕ್ಕೆ ಪುರಾವೆ ಸುಳ್ಳಾಗಲ್ಲ.

ಗುಟ್ಕಾ ಏನು ಮಾಡ್ತು ಅಂದ್ರೆ, ಕವಳದ ನಿಧಾನವನ್ನ ಕಿತ್ತುಕೊಳ್ತು. ಎಲೆ ಒರೆಸಿ, ನಾರು ತೆಗೆದು, ಸುಣ್ಣ ಹಚ್ಚಿ, ಅಡಿಕೆ ಕತ್ತರಿಸಿ, ನಾಲ್ಕು ಮಾತಾಡಿ ಹಾಕೋದಕ್ಕೆ ಒಂದು ಹೊತ್ತು ಬೇಕಿತ್ತು, ಎದುರಿಗೆ ಒಬ್ಬ ಮನುಷ್ಯ ಬೇಕಿತ್ತು. ಪ್ಯಾಕೆಟ್‌ಗೆ ಇದ್ಯಾವುದೂ ಬೇಡ. ಕ್ಲಾಸಿನ ಹಿಂದಿನ ಬೆಂಚಲ್ಲೇ ಹರಿದು ಹಾಕಬಹುದು. ವಾಸನೆ, ಹೊಗೆ ಇಲ್ಲ, ಅಪ್ಪನಿಗೆ ಗೊತ್ತಾಗಲ್ಲ. ಮುಂದೆ ಬಾಯಿಯೊಳಗಿನ ಚರ್ಮ ಬಿಗಿಯಾಗ್ತಾ ಬಂದು, ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯೋಕೆ ಆಗದ ಹುಡುಗರು ಆಸ್ಪತ್ರೆಗೆ ಬರತೊಡಗಿದ್ರು. ಥಿಯೇಟರಲ್ಲಿ ನೀವು ನಕ್ಕು ಮೀಮ್ ಮಾಡಿದ ಮುಕೇಶ್ ಜಾಹೀರಾತು ನೆನಪಿದೆಯಲ್ಲ? ಆತ ಸತ್ತಾಗ ವಯಸ್ಸು 24. ಅವನದ್ದು ಸಿಗರೇಟಲ್ಲ, ಗುಟ್ಕಾ.

ಕರ್ನಾಟಕ 2013ರ ಮೇ ಕೊನೆಗೆ ಗುಟ್ಕಾ ನಿಷೇಧ ಮಾಡ್ತು. ಶಿರಸಿ ಮಾರುಕಟ್ಟೆಯಲ್ಲಿ ಆಗ ದೊಡ್ಡ ಆತಂಕ. ಆದ್ರೆ ಮರುವರ್ಷ ಕೆಂಪಡಿಕೆ ದರ ಬಿದ್ದದ್ದಲ್ಲ, ಏರಿತು. ಯಾಕಂದ್ರೆ ಕಂಪನಿಗಳು ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಮಾಡಿ ಜೋಡಿಯಾಗಿ ಮಾರಿದ್ವು. ಬೆರೆಸೋ ಕೆಲಸ ಗಿರಾಕಿಯದ್ದಾಯ್ತು, ಅಷ್ಟೇ. ಜಹಾಂಗೀರನಿಗೆ ಆದ ಗತಿಯೇ ಇದಕ್ಕೂ. 2019ರಲ್ಲಿ ದೇಶದಾದ್ಯಂತ ಇ-ಸಿಗರೇಟು ಬಂದ್, 2024ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ಹುಕ್ಕಾ ಬಂದ್. 2025ರಲ್ಲಿ ತಂಬಾಕು ಕೊಳ್ಳೋ ವಯಸ್ಸು 18ರಿಂದ 21ಕ್ಕೆ ಏರಿತು, ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ ದಂಡ 200ರಿಂದ 1000ಕ್ಕೆ.

ಹಾಗಂತ ಏನೂ ಬದಲಾಗಿಲ್ಲ ಅನ್ನೋದೂ ತಪ್ಪು. ರಾಷ್ಟ್ರೀಯ ಸಮೀಕ್ಷೆ ಪ್ರಕಾರ 2009-10ರಲ್ಲಿ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 28.2 ಜನ ಯಾವುದೋ ರೂಪದಲ್ಲಿ ತಂಬಾಕು ಬಳಸ್ತಿದ್ರು. 2016-17ಕ್ಕೆ ಅದು 22.8ಕ್ಕೆ ಇಳೀತು. ಒಳಗಿನ ಲೆಕ್ಕ ನೋಡಿ: ಸೇದುವವರು 8.8, ಹೊಗೆಯಿಲ್ಲದ ತಂಬಾಕಿನವರು 16.3. ನಾವು ಸಿನಿಮಾದ ಸಿಗಾರ್ ಬಗ್ಗೆ ವಾದ ಮಾಡ್ತಾ ಕೂತಿದ್ದೀವಿ, ಜನ ಅದರ ಸುಮಾರು ಎರಡರಷ್ಟು ಜಗೀತಿದ್ದಾರೆ.

ಕವಳದ ತಟ್ಟೆ ಈಗಲೂ ಜಗಲಿಗೆ ಬರುತ್ತೆ. ಎಷ್ಟೋ ಮನೆಯಲ್ಲಿ ಹಿರಿಯರು ಮಾತ್ರ ಅದರತ್ತ ಕೈ ಚಾಚ್ತಾರೆ. ಬೆಂಗಳೂರಿಂದ ರಜೆಗೆ ಬಂದ ಮೊಮ್ಮಗ ‘ಬೇಡ’ ಅಂದ್ರೆ ಯಾರೂ ಬೇಜಾರು ಮಾಡ್ಕೊಳಲ್ಲ. ಅದೇ ಮೊಮ್ಮಗನ ಬ್ಯಾಗಲ್ಲಿ ಏನಿದೆ ಅಂತ ಅವರು ಕೇಳೋದೂ ಇಲ್ಲ. ಬಿಡಬೇಕು ಅನ್ನೋರಿಗೆ ಸಹಾಯವಾಣಿ ಇದೆ, 1800-11-2356, ಕರೆಗೆ ದುಡ್ಡಿಲ್ಲ. ಪ್ಯಾಕೆಟ್ ಮೇಲೇ ಅಚ್ಚಾಗಿರುತ್ತೆ, ಚಿತ್ರದ ಪಕ್ಕ.

ಮುಂದಿನ ವಾರ ಇನ್ನೊಂದು ಕಥೆಯ ಜೊತೆ ಸಿಗೋಣ.