ಬೆಂದ್ರ್ ತೀರ್ಥದಿಂದ ಆಯೆರ್ ಪಾನಾಸ್‌ವರೆಗೆ

ಮಲೇಷ್ಯಾದ ಕ್ಲಾಂಗ್ ಬಂದರಿನ ಗೋದಾಮೊಂದರಲ್ಲಿ ನನ್ನ ಭಾವ ಕೆಲಸಕ್ಕಿದ್ದಾರೆ. ಒಂದು ವರ್ಷ ರಜೆಯಲ್ಲಿ ಊರಿಗೆ ಹೋಗುವ ಬದಲು ಅವರಲ್ಲಿಗೆ ಹೋಗಿದ್ದೆ. 1901ರಲ್ಲಿ ಬ್ರಿಟಿಷರು ಪೋರ್ಟ್ ಸ್ವೆಟನ್‌ಹ್ಯಾಮ್ ಎಂದು ಹೆಸರಿಟ್ಟು ತೆರೆದ ಬಂದರು ಅದು. ತೆರೆದ ಸ್ವಲ್ಪ ದಿನಕ್ಕೇ ಮಲೇರಿಯಾ ಹಬ್ಬಿ ಕೆಲಸ ನಿಂತುಹೋಯಿತು. ಡಾ. ಮಾಲ್ಕಂ ವಾಟ್ಸನ್ ಕಾಲುವೆ ತೋಡಿಸಿ ಜೌಗು ನೀರನ್ನು ಬಸಿದ ಮೇಲೆಯೇ ಜ್ವರ ಇಳಿದದ್ದು. ಈಗಿನ ಹೆಸರು ಬಂದದ್ದು 1972ರಲ್ಲಿ.

ನೀರಿಗೆ ಹೆದರಿದ ಅದೇ ಸೆಲಂಗೋರ್ ರಾಜ್ಯದಲ್ಲಿ ನೀರೇ ಮದ್ದೆಂದು ಜನ ಸೇರುವ ಜಾಗವೂ ಇದೆ, ಸೆಲಯಾಂಗ್‌ನ ಬಿಸಿನೀರಿನ ಬುಗ್ಗೆ. ಮಲಯ ಭಾಷೆಯಲ್ಲಿ 'ಆಯೆರ್ ಪಾನಾಸ್' ಎಂದರೆ ಬಿಸಿನೀರು. ನಮ್ಮ ಪುತ್ತೂರಿನ ಕಡೆ ಇರ್ದೆಯಲ್ಲಿರುವ ಬೆಂದ್ರ್ ತೀರ್ಥದ ಹೆಸರೂ ಅದೇ ಅರ್ಥದ್ದು; ತುಳುವಿನಲ್ಲಿ 'ಬೆಂದ್ರ್' ಎಂದರೆ ಬಿಸಿನೀರು. ಗಂಧಕದ ವಾಸನೆಯ ಆ ನೀರಿನಲ್ಲಿ ಮಿಂದರೆ ಚರ್ಮದ ಕಾಯಿಲೆ ಹೋಗುತ್ತದೆ ಎಂದು ಅಜ್ಜಿಯಂದಿರು ಹೇಳುತ್ತಿದ್ದರು. ಎರಡು ಕಡೆಯೂ ಜ್ವಾಲಾಮುಖಿ ಇಲ್ಲ. ಮಳೆನೀರು ಬಂಡೆಯ ಬಿರುಕಿನಲ್ಲಿ ಆಳಕ್ಕಿಳಿದು, ಭೂಮಿಯ ಕಾವಿಗೆ ಕಾದು, ಖನಿಜ ಕರಗಿಸಿಕೊಂಡು ಮೇಲೆ ಬರುತ್ತದೆ. ರಾಸ್ ಅಲ್ ಖೈಮಾದ ಖತ್, ಒಮಾನಿನ ನಖಲ್ ನೋಡಿದವರಿಗೆ ಇದು ಹೊಸತಲ್ಲ.

ಅಜ್ಜಿಯ ಮಾತನ್ನು ಫಾರ್ಮಸಿಯವರು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಇಂಗ್ಲೆಂಡಿನ ಎಪ್ಸಮ್ ಊರಿನ ಕಹಿ ನೀರಿನ ಉಪ್ಪಿನ ಬಗ್ಗೆ ನೆಹೆಮಿಯಾ ಗ್ರೂ 1695ರಲ್ಲಿ ಪುಸ್ತಕ ಬರೆದ. ಅದೇ ಮೆಗ್ನೀಸಿಯಂ ಸಲ್ಫೇಟ್. ಇವತ್ತು ಬಸುರಿಯರಿಗೆ ರಕ್ತದೊತ್ತಡ ಏರಿ ಫಿಟ್ಸ್ ಬಂದಾಗ ಇಂಜೆಕ್ಷನ್ ಆಗಿ ನಮ್ಮ ಕಪಾಟಿನಿಂದಲೇ ಹೋಗುತ್ತದೆ. ಕಜ್ಜಿಗೆ ಗಂಧಕದ ಮುಲಾಮು ಈಗಲೂ ಉಂಟು. ಆದರೆ ಔಷಧಿಗೆ ಅಳತೆಯಿದೆ, ಬುಗ್ಗೆಗೆ ಇಲ್ಲ. ಬಿಸಿನೀರಿನಿಂದ ಗಂಟುನೋವು ಸ್ವಲ್ಪ ಹೊತ್ತು ಸಡಿಲವಾದೀತು. ಸಕ್ಕರೆ ಕಾಯಿಲೆ ವಾಸಿಯಾಗದು.

ಭಾವನಿಗೆ ಸಕ್ಕರೆ ಕಾಯಿಲೆ ಹತ್ತು ವರ್ಷದ್ದು. ಸೆಲಯಾಂಗ್‌ನಲ್ಲಿ ಅವರು ಪ್ಯಾಂಟ್ ಮಡಚಿ ಮೊಣಕಾಲಿನವರೆಗೆ ಇಳಿದರು. ನಾನು ಕೈ ಅದ್ದಿ ಫಕ್ಕನೆ ಎಳೆದುಕೊಂಡೆ.

"ಎಂತದು, ಬಿಸಿಯೇ ಇಲ್ಲವಲ್ಲ ಮಾರಾಯ" ಎಂದರು.

ನನಗೆ ಎದೆ ಧಸಕ್ಕೆಂದಿತು. "ಭಾವ, ಮೊದಲು ಕಾಲು ಮೇಲೆ ತೆಗೆಯಿರಿ" ಎಂದು ರಟ್ಟೆ ಹಿಡಿದು ಎಳೆದೆ. ಪಾದ ಕೆಂಪಾಗಿತ್ತು. ಮರುದಿನ ಬೆಳಿಗ್ಗೆ ಎಡ ಹೆಬ್ಬೆರಳ ಬದಿಯಲ್ಲಿ ಬೊಕ್ಕೆ. ಸಕ್ಕರೆ ಕಾಯಿಲೆ ನರವನ್ನು ಸಾಯಿಸಿದರೆ ಸುಡುವುದು ಗೊತ್ತಾಗುವುದಿಲ್ಲ. ಆ ಬೊಕ್ಕೆ ಒಣಗಲು ಏಳು ವಾರ ಹಿಡಿಯಿತು. ಅಷ್ಟೂ ದಿನ ಅವರು ಕೆಲಸಕ್ಕೆ ಹೋಗಿದ್ದಾರೆ, ಬೂಟು ಹಾಕಿಕೊಂಡೇ. ರಜೆ ಕೇಳಿದರೆ ಸಂಬಳ ಹೋಗುತ್ತದಲ್ಲ.

ನಮ್ಮಲ್ಲೂ ಶುಕ್ರವಾರ ಗಾಡಿ ಮಾಡಿಕೊಂಡು ಖತ್‌ಗೆ ಹೋಗುವ ಗುಂಪುಗಳಿವೆ. ಹೋಗಿ ಬನ್ನಿ. ಸಕ್ಕರೆ ಇರುವವರು ನೀರಿನ ಬಿಸಿಯನ್ನು ತಮ್ಮ ಕಾಲಿನಿಂದ ಪರೀಕ್ಷೆ ಮಾಡಬೇಡಿ, ಜೊತೆಯವರ ಕೈಯಿಂದ ಮಾಡಿಸಿ. ಪಾದದಲ್ಲಿ ಗಾಯವಿದ್ದರೆ ದಡದಲ್ಲೇ ಕೂತು ಚಹಾ ಕುಡಿಯಿರಿ. ಭಾವ ಈಗ ಹಾಗೇ ಮಾಡುತ್ತಾರಂತೆ, ಸಕ್ಕರೆ ಹಾಕದ ಚಹಾ ಎಂದು ಅಕ್ಕ ಫೋನಿನಲ್ಲಿ ಹೇಳುತ್ತಾಳೆ. ನನಗೆ ಪೂರ್ತಿ ನಂಬಿಕೆಯಿಲ್ಲ.