ಐದು ಚಪಾತಿ, ಐದು ಫಾರ್ವರ್ಡು

ಕರ್ನಾಟಕ ಎಕ್ಸ್‌ಪ್ರೆಸ್ಸಿನಿಂದ ಹೊಸದಿಲ್ಲಿ ನಿಲ್ದಾಣದಲ್ಲಿ ಇಳಿದು, ಪೆಟ್ಟಿಗೆ ಹೊತ್ತು, ಪಹಾಡ್‌ಗಂಜಿನ ಕಡೆಯ ಬಾಗಿಲಿನಿಂದ ಹೊರಬಂದು ಈ ಊರನ್ನು ಮೊದಲು ಕಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. 1857ರಲ್ಲಿ ಆ ಪಹಾಡ್‌ಗಂಜಿಗೆ ಮುಯಿನುದ್ದೀನ್ ಹಸನ್ ಖಾನ್ ಎಂಬವನು ಠಾಣೇದಾರನಾಗಿದ್ದ. ಆ ವರ್ಷದ ಆರಂಭದಲ್ಲಿ ಒಂದು ಬೆಳಿಗ್ಗೆ ಇಂದ್ರಪ್ರಸ್ಥ ಗ್ರಾಮದ ಚೌಕಿದಾರ ಅವನಲ್ಲಿಗೆ ಓಡಿಬಂದು ವಿಚಿತ್ರವಾದ ಒಂದು ವರದಿ ಒಪ್ಪಿಸಿದನಂತೆ. ಸರಾಯ್ ಫಾರೂಕ್ ಖಾನಿನ ಚೌಕಿದಾರ ಇವನಿಗೊಂದು ಚಪಾತಿ ಕೊಟ್ಟು ಹೋಗಿದ್ದಾನೆ. ಇಂಥವೇ ಐದು ಚಪಾತಿ ಬೇಯಿಸಿ ಹತ್ತಿರದ ಐದು ಹಳ್ಳಿಗಳಿಗೆ ಮುಟ್ಟಿಸಬೇಕು; ಅಲ್ಲಿಯ ಚೌಕಿದಾರರೂ ತಲಾ ಐದು ಮಾಡಿ ಮುಂದಕ್ಕೆ ಸಾಗಿಸಬೇಕು. ಬಾರ್ಲಿ, ಗೋಧಿ ಹಿಟ್ಟು ಬೆರೆಸಿದ್ದು, ಅಂಗೈಯಗಲ, ತೂಕ ಎರಡು ತೊಲ. ಠಾಣೇದಾರ ಮುಂದೆ ಬರೆದಿಟ್ಟ ವೃತ್ತಾಂತದ ಇಂಗ್ಲಿಷ್ ಅನುವಾದ 1898ರಲ್ಲಿ ಅಚ್ಚಾಯಿತು. ಈ ವಿವರವೆಲ್ಲ ಅದರಲ್ಲಿದೆ.

ಯಾರು ಕಳಿಸಿದರು? ಏತಕ್ಕೆ? ಚೌಕಿದಾರನಿಗೆ ಗೊತ್ತಿಲ್ಲ. ಅವನಿಗೆ ಕೊಟ್ಟವನಿಗೂ ಗೊತ್ತಿಲ್ಲ. ಆದರೂ ಅವನು ಹಿಟ್ಟು ಕಲಸಿದ.

ಬೆಳಗಾಗೆದ್ದು ಮೊಬೈಲು ತೆರೆದರೆ ನನಗೆ ಈ ಚೌಕಿದಾರನ ನೆನಪಾಗುತ್ತದೆ. ಗುಲಾಬಿ ಹೂವಿನ ಶುಭೋದಯಗಳು ಹದಿನೇಳು, ಅವನ್ನು ಕ್ಷಮಿಸೋಣ. ಅವುಗಳ ಹಿಂದೆ ಬರುವುದು ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿದರೆ ಅರ್ಬುದರೋಗ ಮಾಯ ಎಂಬ ಬೋಧೆ. ಯುನೆಸ್ಕೋ ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಶ್ರೇಷ್ಠವೆಂದು ಸಾರಿದೆ ಎಂಬ ಸುದ್ದಿಯಂತೂ, ಆ ಸಂಸ್ಥೆಯೇ ಇಲ್ಲವೆಂದ ಮೇಲೂ, ವರ್ಷಕ್ಕೆರಡು ಸಲ ತಪ್ಪದೆ ಬರುತ್ತದೆ. ಕಳಿಸಿದವರನ್ನು ಕೇಳಿ ನೋಡಿ: "ನನಗೆ ಬಂತು, ಕಳಿಸಿದೆ." ನಾನು ಗುಮಾಸ್ತ. ನಮ್ಮಲ್ಲಿ ಒಂದು ಹಾಳೆ ಮೇಜಿನಿಂದ ಮೇಜಿಗೆ ಹೋಗಬೇಕಾದರೂ ಡೈರಿ ನಂಬರು, ತಾರೀಖು, ಕೆಳಗೊಂದು ರುಜು ಬೇಕು. ಈ ಪದ್ಧತಿಯನ್ನು ನೋಡಿ ನಗುವವರು ರುಜುವಿಲ್ಲದ ಕಾಗದವನ್ನು ದಿನಕ್ಕೆ ನಲವತ್ತು ಸಲ ಮುಂದಕ್ಕೆ ನೂಕುತ್ತಾರೆ!

ಚಪಾತಿಯ ವಿಷಯಕ್ಕೆ ಮರಳೋಣ. ಮಥುರೆಯಲ್ಲಿ ಮ್ಯಾಜಿಸ್ಟ್ರೇಟನಾಗಿದ್ದ ಮಾರ್ಕ್ ಥಾರ್ನ್‌ಹಿಲ್ಲನ ಕಚೇರಿಯ ಮೇಜಿನ ಮೇಲೂ ನಾಲ್ಕು ಚಪಾತಿ ಬಂದು ಕುಳಿತವು. ಸರಕಾರದ ಟಪಾಲಿಗಿಂತ ಇದೇ ವೇಗವಾಗಿ ಓಡುತ್ತಿದೆಯೆಂದು ಅಧಿಕಾರಿಗಳಿಗೆ ಕಂಡಿತು. ಒಡೆದು ನೋಡಿದರೆ ಒಳಗೆ ಚೀಟಿಯಿಲ್ಲ, ಗುರುತಿಲ್ಲ. 1858ರ ಜನವರಿಯಿಂದ ಮಾರ್ಚಿಯವರೆಗೆ ಕೆಂಪುಕೋಟೆಯ ದಿವಾನ್-ಎ-ಖಾಸಿನಲ್ಲಿ ಬಹಾದುರ್ ಷಾ ಜಫರನ ವಿಚಾರಣೆ ನಡೆದಾಗ ಸಾಕ್ಷಿಗಳನ್ನು ಈ ಬಗ್ಗೆ ಕೆದಕಿ ಕೇಳಿದರು. ಬರಲಿರುವ ಉತ್ಪಾತಕ್ಕೆ ಶಾಂತಿ ಎಂದು ಕೆಲವರು ತಿಳಿದಿದ್ದರಂತೆ. ಎಲ್ಲರಿಗೂ ಒಂದೇ ಊಟ ತಿನ್ನಿಸಿ ಜಾತಿ ಕೆಡಿಸಲು ಸರಕಾರವೇ ಹೂಡಿದ ಆಟ ಎಂದು ಇನ್ನು ಕೆಲವರು. ಇಂಗ್ಲಿಷರಿಗೋ ಅದು ದಂಗೆಯ ಸಂಕೇತ. ಚಪಾತಿಯಲ್ಲಿ ಏನೂ ಇರಲಿಲ್ಲ. ಹೆದರಿದವನು ತನ್ನ ಹೆದರಿಕೆಯನ್ನೇ ಅದರಲ್ಲಿ ಓದಿಕೊಂಡ. ಹೊರಟ ಜಾಗ ಯಾವುದೆಂದು ಇಂದಿಗೂ ಇತ್ಯರ್ಥವಾಗಿಲ್ಲ.

ಅದೇ ದಿಲ್ಲಿಯಲ್ಲಿ, ಅದೇ ವರ್ಷ, ಇನ್ನೊಂದು ಬಗೆಯ ಸಂದೇಶವೂ ಹೊರಟಿತು. ಮೇ 11ರಂದು ಕಾಶ್ಮೀರಿ ಗೇಟಿನ ಹೊರಗಿನ ತಂತಿ ಕಚೇರಿಯಿಂದ ಬ್ರೆಂಡಿಷ್ ಮತ್ತು ಪಿಲ್ಕಿಂಗ್‌ಟನ್ ಎಂಬ ಇಬ್ಬರು ಹುಡುಗರು ಅಂಬಾಲೆಗೆ ಸುದ್ದಿ ಮುಟ್ಟಿಸಿದರು. ಅವರ ಮೇಲಧಿಕಾರಿ ಟಾಡ್ ಮೀರತ್ತಿನ ತಂತಿ ಏಕೆ ಕಡಿದಿದೆಯೆಂದು ನೋಡಲು ಹೋದವನು ಹಿಂದಿರುಗಲಿಲ್ಲ. ಅದು ಪರಕೀಯರ ಆಳ್ವಿಕೆಯನ್ನು ಉಳಿಸಿದ ತಂತಿ. ಅದರ ಬಗ್ಗೆ ನಮಗೆ ಅಭಿಮಾನವೇನೂ ಬೇಕಿಲ್ಲ. ಆದರೆ ಕಳಿಸಿದವರು ಯಾರು, ಎಂದು, ಯಾರಿಗೆ ಎಂಬುದು ಗೊತ್ತು. ಗೊತ್ತಿದ್ದುದರಿಂದಲೇ 1902ರಲ್ಲಿ ತಂತಿ ಇಲಾಖೆಯವರು ಅವರ ಹೆಸರಿನಲ್ಲೊಂದು ಕಂಬ ನಿಲ್ಲಿಸಿದರು. ಲೋಥಿಯನ್ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದಲೇ ಅದು ಕಾಣುತ್ತದೆ. ಚಪಾತಿ ಕಳಿಸಿದವರಿಗೆ ಕಂಬವಿಲ್ಲ. ತಂತಿಗೆ ಪದಕ್ಕಿಷ್ಟು ಎಂದು ಕಾಸು ತೆರಬೇಕಾಗಿತ್ತು. ನಮ್ಮ ತಂದೆ "ಕ್ಷೇಮ" ಎಂಬ ಮಾತನ್ನು ಸೇರಿಸಬೇಕೇ ಬೇಡವೇ ಎಂದು ಐದು ನಿಮಿಷ ಯೋಚಿಸುತ್ತಿದ್ದರು. 2013ರ ಜುಲೈ 14ರ ರಾತ್ರಿಗೆ ಆ ಸೇವೆಯೇ ಮುಗಿಯಿತು.

ವಿದ್ಯೆ ಹೆಚ್ಚಿದಂತೆ ಚಪಾತಿಯ ಸ್ವಭಾವ ಬದಲಾಯಿತೆಂದು ಯಾರೂ ಭಾವಿಸಬೇಕಾಗಿಲ್ಲ. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿದದ್ದು ಮೊದಲು ಇದೇ ದಿಲ್ಲಿಯಲ್ಲಿ. ಮಧ್ಯಾಹ್ನದೊಳಗೆ ದೂರವಾಣಿಯ ಮೂಲಕ ದೇಶವೆಲ್ಲ ಕುಡಿಸಿತು. ಸರಕಾರದ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ, ಅದು ಮೂರ್ತಿಯ ಮೈಮೇಲೆ ತೆಳ್ಳಗೆ ಹರಿದು ಇಳಿಯುವುದನ್ನು ತೋರಿಸಿಕೊಟ್ಟರು. ಮೇಲ್ಮೈ ಕರ್ಷಣವನ್ನು ಪುಸ್ತಕದಲ್ಲಿ ಓದಿದ್ದ ನಾನೂ ಲೋಟ ಹಿಡಿದು ಸಾಲಿನಲ್ಲಿ ನಿಂತಿದ್ದೆ! ಅದೇ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ದೆವ್ವಕ್ಕೆ ಬರೆದ ಒಕ್ಕಣೆ ಬಹಳ ಜನಕ್ಕೆ ನೆನಪಿರಬಹುದು. ಇವೆಲ್ಲ ನಕ್ಕು ಬಿಡುವಂಥವು.

ನಗಲಾಗದ್ದು 2012ರ ಆಗಸ್ಟಿನಲ್ಲಿ ನಡೆಯಿತು. ಅಸ್ಸಾಮಿನ ಗಲಭೆಗಳ ಬೆನ್ನಿಗೇ, ಈಶಾನ್ಯದವರ ಮೇಲೆ ಬೆಂಗಳೂರಿನಲ್ಲಿ ದಾಳಿಯಾಗಲಿದೆಯೆಂಬ ಎಸ್ಸೆಮ್ಮೆಸ್ಸುಗಳು ಹಬ್ಬಿದವು. ಹೋಟೆಲಿನಲ್ಲಿ ದುಡಿಯುತ್ತಿದ್ದವರು, ಕಾವಲುಗಾರರು, ಕಾಲೇಜಿನ ಮಕ್ಕಳು, ಸಾವಿರಾರು ಜನ, ಸಿಕ್ಕ ಚೀಲ ಹಿಡಿದು ನಗರ ರೈಲು ನಿಲ್ದಾಣಕ್ಕೆ ಬಂದರು. ಗುವಾಹಾಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ದಾಳಿ ಬರಲಿಲ್ಲ, ಊರು ಬಿಟ್ಟದ್ದು ಮಾತ್ರ ನಿಜವಾಯಿತು. ಆಗ ಕೇಂದ್ರ ಸರಕಾರ ಹದಿನೈದು ದಿನಗಳ ಮಟ್ಟಿಗೆ ವಿಧಿಸಿದ ಮಿತಿ ಏನು ಗೊತ್ತೆ? ಒಟ್ಟಾಗಿ ಕಳಿಸುವ ಸಂದೇಶ ಐದಕ್ಕೆ ಮೀರಕೂಡದು!

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೂ ಘೋರವಾದದ್ದು ಆಯಿತು. ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪವಾಗಿ, ಮಕ್ಕಳ ಕಳ್ಳರೆಂಬ ಸುದ್ದಿ ಚಿತ್ರಸಮೇತ ವಾಟ್ಸಾಪಿನಲ್ಲಿ ಕಾರಿಗಿಂತ ಮುಂದೆ ಓಡಿತು. ಜನ ಬಡಿದರು, ಒಬ್ಬ ತರುಣ ಸತ್ತ. ದೇಶದ ಬೇರೆಡೆಗಳಲ್ಲೂ ಇಂಥ ಕೊಲೆಗಳಾಗಿದ್ದವು. ಸುಮಾರು ಒಂದು ವಾರದಲ್ಲಿ ವಾಟ್ಸಾಪ್ ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸಬಹುದೆಂದು ಪ್ರಕಟಿಸಿತು. ಮತ್ತೆ ಐದು.

ಬಿ.ಎಸ್ಸಿ.ಯಲ್ಲಿ ಕಲಿತ ಗುಣೋತ್ತರ ಶ್ರೇಢಿ ನನ್ನ ನೌಕರಿಯಲ್ಲಿ ಎಂದೂ ಉಪಯೋಗಕ್ಕೆ ಬಂದಿರಲಿಲ್ಲ, ಇಲ್ಲಿ ಬಂತು. ಒಬ್ಬ ಐವರಿಗೆ, ಆ ಐವರು ಇಪ್ಪತ್ತೈವರಿಗೆ. ಹೀಗೇ ಹೊಸಬರಿಗೇ ಹೋಗುತ್ತಿದ್ದರೆ ಹತ್ತನೆಯ ಸುತ್ತಿನಲ್ಲಿ 97,65,625. ಇಂದ್ರಪ್ರಸ್ಥದ ಚೌಕಿದಾರನಿಗೆ ಹರಡಲು ಸಾಕಾಗಿದ್ದ ಸಂಖ್ಯೆಯನ್ನೇ ನಾವು ತಡೆಯೆಂದು ಹಾಕಿಕೊಂಡಿದ್ದೇವೆ. ಪದೇ ಪದೇ ದಾಟಿಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದೆಂದು 2020ರ ಏಪ್ರಿಲಿನಲ್ಲಿ ಬಿಗಿಮಾಡಿದರು. ಅದು ಲೆಕ್ಕ ಬಲ್ಲವರ ಮಾತು.

ಇಷ್ಟೆಲ್ಲ ಗೊಣಗುವ ನನ್ನ ಕೈ ಶುದ್ಧವೇ? 2021ರ ಏಪ್ರಿಲಿನ ದಿಲ್ಲಿ ನಮಗಾರಿಗೂ ಮರೆಯುವಂಥದಲ್ಲ. ಆಮ್ಲಜನಕ ಸಿಗುವ ಅಂಗಡಿಗಳದೆಂದು ಹನ್ನೊಂದು ನಂಬರುಗಳ ಒಂದು ಪಟ್ಟಿ ನನಗೆ ಬಂತು. ಇಂಗ್ಲಿಷಿನಲ್ಲಿ "ವೆರಿಫೈಡ್" ಎಂದಿತ್ತು. ಒಂದಕ್ಕೂ ಫೋನು ಮಾಡಿ ನೋಡದೆ, ಮೇಲೊಂದು ಸಾಲು ಕನ್ನಡದಲ್ಲಿ ಸೇರಿಸಿ, ಗುಂಪುಗಳಿಗೆಲ್ಲ ರವಾನಿಸಿದೆ. ಗಾಜಿಯಾಬಾದಿನ ನಮ್ಮ ಮಿತ್ರರೊಬ್ಬರ ಮಗ ರಾತ್ರಿ ಒಂದು ಗಂಟೆಗೆ ಕರೆ ಮಾಡಿದ: "ಅಂಕಲ್, ನೀವು ಕಳಿಸಿದ್ದರಲ್ಲಿ ಯಾರೂ ಎತ್ತುತ್ತಿಲ್ಲ. ಮೂರು ಗಂಟೆಯಿಂದ ಅದನ್ನೇ ತಿರುಗಿಸುತ್ತಿದ್ದೇನೆ. ಬೇರೆ ಏನಾದರೂ ಗೊತ್ತೇ?" ನನಗೆ ಬೇರೆ ಏನೂ ಗೊತ್ತಿರಲಿಲ್ಲ. ಇಂದಿರಾಪುರದ ಗುರುದ್ವಾರದವರು ರಸ್ತೆಯ ಮೇಲೆಯೇ ನಡೆಸುತ್ತಿದ್ದ ಆಮ್ಲಜನಕದ ಲಂಗರಿಗೆ ಬೆಳಗಿನ ಜಾವ ತಂದೆಯನ್ನು ಕರೆದೊಯ್ದ. ಅವರು ಬದುಕಿದರು. ಈಗಲೂ ಸಂಘದ ಕಾರ್ಯಕ್ರಮಗಳಲ್ಲಿ ಸಿಗುತ್ತಾರೆ. ಆ ಪಟ್ಟಿಯ ಮಾತು ನಾನೂ ಎತ್ತಿಲ್ಲ, ಅವರೂ ಎತ್ತಿಲ್ಲ.

ಆ ವರ್ಷದ ದೀಪಾವಳಿ ಕಳೆದ ಮೇಲೆ ದಾವಣಗೆರೆಯ ನನ್ನ ಸೋದರತ್ತೆಯ ಮಗನಿಂದ ಒಂದು ಸಂದೇಶ ಬಂತು. ಅದೇ ಹನ್ನೊಂದು ನಂಬರು. ಮೇಲೆ ಕನ್ನಡದ ಒಂದು ಸಾಲು: "ನಾನೇ ಪರಿಶಿಲಿಸಿದ್ದೇನೆ, ತಕ್ಷಣ ಎಲ್ಲರಿಗೂ ಕಳಿಸಿ." ದೀರ್ಘ ಬಿಟ್ಟು ಬರೆದವನು ನಾನೇ.