ಸಿಫಿ, ಸಿಫ್ಫಿ ಮತ್ತು ಹೆಸರು ಮಾರುವ ವ್ಯಾಪಾರ

ಒಂದು ಹೆಸರನ್ನು ಸಾವಿರ ರೂಪಾಯಿಗೆ ಕೊಂಡು ಲಕ್ಷಕ್ಕೆ ಮಾರಬಹುದೇ? ಸೈಟು, ಚಿನ್ನ, ಶೇರು ಇವನ್ನೆಲ್ಲ ಕೊಂಡು ಮಾರುವುದು ನಮಗೆ ಗೊತ್ತಿರುವ ವ್ಯಾಪಾರ. ಆದರೆ ಅಂತರ್ಜಾಲದ ವಿಳಾಸವನ್ನು, ಅಂದರೆ ಡೊಮೈನ್ ನೇಮನ್ನು, ಇವತ್ತು ನೋಂದಾಯಿಸಿ, ಒಂದಿಷ್ಟು ಸಿಂಗಾರ ಮಾಡಿ, ನಾಳೆ ಹೆಚ್ಚಿನ ಬೆಲೆಗೆ ಮಾರುವವರೂ ಇದ್ದಾರೆ. ಇದು ವ್ಯಾಪಾರವೋ ಕಳ್ಳತನವೋ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಒಂದು ಉತ್ತರ ಸಿಕ್ಕಿತು. ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟಿನ ಉತ್ತರ ಸಿಕ್ಕಿದ್ದು ಚೆನ್ನೈನ ಒಂದು ಕಂಪನಿಗೂ ಬೆಂಗಳೂರಿನ ಕೋರ್ಟಿಗೂ ಸಂಬಂಧಪಟ್ಟ ಮೊಕದ್ದಮೆಯಿಂದ. ನಮ್ಮ ಎರಡೂ ಊರುಗಳ ಕಥೆ ಆದ್ದರಿಂದ ಬರೆಯಬೇಕೆನಿಸಿತು.

ಬಿಕಾಂ ಓದಿ, ಬ್ಯಾಂಕಿನಲ್ಲಿ ಸಾಲದ ಕಾಗದಪತ್ರ ನೋಡುತ್ತ ತಲೆ ನರೆತ ನನ್ನಂಥವನಿಗೆ ಮೊದಲು ಹೊಳೆಯುವ ಪ್ರಶ್ನೆ, ಈ ಹೆಸರಿಗೆ ಟೈಟಲ್ ಡೀಡ್ ಎಲ್ಲಿದೆ ಅಂತ. ಇಲ್ಲ ಸ್ವಾಮಿ. ಡೊಮೈನ್ ಹೆಸರು ಕ್ರಯಪತ್ರದ ಆಸ್ತಿಯಲ್ಲ, ಗುತ್ತಿಗೆ. ಡಾಟ್ ಕಾಮ್ ಹೆಸರನ್ನು ಒಂದು ವರ್ಷದಿಂದ ಹತ್ತು ವರ್ಷದವರೆಗೆ ಹಿಡಿದಿಡಬಹುದು, ಹಣ ಕಟ್ಟಿ ಮುಂದುವರಿಸಬಹುದು. ಕಟ್ಟದಿದ್ದರೆ ಕೈಬಿಟ್ಟು ಹೋಗುತ್ತದೆ. ನೋಂದಣಿ ಮಾಡುವ ರಿಜಿಸ್ಟ್ರಾರ್ ಸಂಸ್ಥೆ ನಿಮ್ಮ ಹಕ್ಕನ್ನು ಪರಿಶೀಲಿಸುವುದಿಲ್ಲ. ಯಾರು ಮೊದಲು ಬಂದರೋ ಅವರಿಗೆ, ಅಷ್ಟೇ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಷ್ಟು ಕೂಡ ವಿಚಾರಣೆ ಇಲ್ಲ. ಜಗಳಗಳ ಬೇರು ಇರುವುದು ಇಲ್ಲೇ.

ಮೊದಲ ಡಾಟ್ ಕಾಮ್ ಹೆಸರು ನೋಂದಣಿಯಾದದ್ದು 1985ರ ಮಾರ್ಚ್ 15ರಂದು. ಸಿಂಬಾಲಿಕ್ಸ್ ಎಂಬ ಅಮೆರಿಕದ ಕಂಪ್ಯೂಟರ್ ಕಂಪನಿ ಅದನ್ನು ಪಡೆಯಿತು. ಹತ್ತು ವರ್ಷ ಹೆಸರುಗಳು ಪುಕ್ಕಟೆಯಾಗಿದ್ದವು. 1995ರ ಸೆಪ್ಟೆಂಬರಿನಲ್ಲಿ ನೆಟ್‌ವರ್ಕ್ ಸೊಲ್ಯೂಷನ್ಸ್ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ಹಾಕಿತು. ದೊಡ್ಡ ಕಂಪನಿಗಳು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದಾಗ ಚುರುಕು ಜನ ಅವುಗಳ ಹೆಸರನ್ನೇ ಹಿಡಿದುಕೊಂಡರು.

ಅದೇ 1995ರಲ್ಲಿ ಇಲಿನಾಯ್ ರಾಜ್ಯದ ಒಬ್ಬಾತ ಸಿನಿಮಾ ಕ್ಯಾಮೆರಾ ತಯಾರಿಸುವ ಪ್ಯಾನಾವಿಷನ್ ಕಂಪನಿಯ ಹೆಸರನ್ನು ನೋಂದಾಯಿಸಿಕೊಂಡ. ಬರಿದೇ ಬಿಟ್ಟರೆ ಅನುಮಾನ ಬರುತ್ತದಲ್ಲ, ಆ ವಿಳಾಸದಲ್ಲಿ ಇಲಿನಾಯ್‌ನ ಪೇನಾ ಎಂಬ ಊರಿನ ಚಿತ್ರಗಳನ್ನು ಏರಿಸಿದ. ಪೇನಾ ಊರಿನ 'ವಿಷನ್' ಎಂಬ ಸಮಜಾಯಿಷಿ! ಕಂಪನಿ ತಕರಾರು ಎತ್ತಿದಾಗ ಬಿಟ್ಟುಕೊಡಲು 13,000 ಡಾಲರ್ ಕೇಳಿದ. ಅವರು ಒಪ್ಪದಿದ್ದಾಗ ಅದೇ ಕಂಪನಿಯ ಇನ್ನೊಂದು ಹೆಸರನ್ನೂ ಹಿಡಿದ. 1998ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅವನ ವಿರುದ್ಧ ತೀರ್ಪು ಕೊಟ್ಟಿತು. ಊರಿನ ಚಿತ್ರ ಹಾಕಿದ್ದು ಅವನನ್ನು ಉಳಿಸಲಿಲ್ಲ, ಹೆಸರಿನ ಒಡೆಯನಿಗೇ ಬೆಲೆ ಹೇಳಿದ್ದು ಅವನನ್ನು ಕೆಡಿಸಿತು.

ಇಲ್ಲಿ 'ಸಿಂಗಾರ' ಅಂದೆನಲ್ಲ, ಅದು ಏನು ಅಂತ ಹೇಳಿಬಿಡುತ್ತೇನೆ. ಹೊಸ ಹೆಸರು ಕೈಗೆ ಬಂದ ಮೇಲೆ ವ್ಯಾಪಾರಿ ಮೊದಲು ಅದರ ನೇಮ್‌ಸರ್ವರನ್ನು ಯಾವುದಾದರೂ ಪಾರ್ಕಿಂಗ್ ಸಂಸ್ಥೆಯ ಕಡೆಗೆ ತಿರುಗಿಸುತ್ತಾನೆ. ಆಗ ಆ ವಿಳಾಸ ತೆರೆದವರಿಗೆ ಜಾಹೀರಾತುಗಳೋ 'ಈ ಹೆಸರು ಮಾರಾಟಕ್ಕಿದೆ' ಎಂಬ ಬೋರ್ಡೋ ಕಾಣುತ್ತದೆ. ಖಾಲಿ ಸೈಟಿಗೆ ಬೇಲಿ ಹಾಕಿ ಫೋನ್ ನಂಬರ್ ಬರೆದ ಹಾಗೆ. ಇನ್ನು ಕೆಲವರು ಚಿಕ್ಕದೊಂದು ಜಾಲತಾಣ ಕಟ್ಟಿ, ನಾಲ್ಕು ಲೇಖನ ಹಾಕಿ, ಓದುಗರು ಬರುವಂತೆ ಮಾಡಿ ಆಮೇಲೆ ಮಾರುತ್ತಾರೆ. ಇದು ಸೈಟಿನಲ್ಲಿ ಮನೆ ಕಟ್ಟಿ ಮಾರಿದಂತೆ. ಹೊಸದಾಗಿ ನೋಂದಾಯಿಸಿದ ಹೆಸರನ್ನು ಮೊದಲ 60 ದಿನ ಸಾಮಾನ್ಯವಾಗಿ ಇನ್ನೊಂದು ರಿಜಿಸ್ಟ್ರಾರ್‌ಗೆ ವರ್ಗಾಯಿಸಲು ಬಿಡುವುದಿಲ್ಲ, ಆದರೆ ಅದೇ ರಿಜಿಸ್ಟ್ರಾರ್ ಬಳಿ ಇರುವ ಕೊಳ್ಳುವವನ ಖಾತೆಗೆ ಬದಲಾಯಿಸಬಹುದು. ದೊಡ್ಡ ಮೊತ್ತವಾದರೆ ಮಧ್ಯೆ ಎಸ್ಕ್ರೋ ಸಂಸ್ಥೆ ಹಣ ಹಿಡಿದುಕೊಂಡು, ಹೆಸರು ಕೈಬದಲಾದ ಮೇಲೆ ಮಾರಿದವನಿಗೆ ಕೊಡುತ್ತದೆ. ನಮ್ಮ ಲೆಟರ್ ಆಫ್ ಕ್ರೆಡಿಟ್ ವ್ಯವಹಾರದ ತಮ್ಮ ಅಂದುಕೊಳ್ಳಿ.

ಇದರಲ್ಲೂ ಚಾಲಾಕಿಗಳಿದ್ದರು. ನೋಂದಾಯಿಸಿದ ಐದು ದಿನದೊಳಗೆ ಬೇಡವೆಂದರೆ ಹಣ ವಾಪಸ್ ಸಿಗುವ ಅವಕಾಶವಿತ್ತು. ಸಾವಿರಗಟ್ಟಲೆ ಹೆಸರು ಹಿಡಿದು, ಜಾಹೀರಾತು ಹಾಕಿ ಐದು ದಿನ ರುಚಿ ನೋಡಿ, ಕಾಸು ಹುಟ್ಟದ ಹೆಸರುಗಳನ್ನು ಹಿಂದಿರುಗಿಸುತ್ತಿದ್ದರು. ಇದಕ್ಕೆ 'ಡೊಮೈನ್ ಟೇಸ್ಟಿಂಗ್' ಎಂದೇ ಹೆಸರು. ಹೆಸರುಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆ 2008-09ರಲ್ಲಿ ಹೀಗೆ ಹಿಂದಿರುಗಿಸುವುದಕ್ಕೂ ಶುಲ್ಕ ಹಾಕಿದ ಮೇಲೆ ಅದು ಬಹುತೇಕ ನಿಂತಿತು.

ಈಗ ಚೆನ್ನೈಗೆ ಬನ್ನಿ. 1998ರ ಕೊನೆಯಲ್ಲಿ ಖಾಸಗಿಯವರಿಗೂ ಇಂಟರ್ನೆಟ್ ಸೇವೆ ಕೊಡಲು ಅನುಮತಿ ಸಿಕ್ಕಿ ವಿಎಸ್ಎನ್ಎಲ್‌ನ ಏಕಸ್ವಾಮ್ಯ ಮುರಿಯಿತು. ಮೊದಲು ಕಣಕ್ಕಿಳಿದವರಲ್ಲಿ ಸತ್ಯಂ ಇನ್ಫೋವೇ ಒಂದು. ಚೆನ್ನೈನವರಿಗೆ ತರಮಣಿಯ ಟೈಡೆಲ್ ಪಾರ್ಕ್‌ನಲ್ಲಿದ್ದ ಅದರ ಕಚೇರಿ, ಬೀದಿಗಳಲ್ಲಿದ್ದ 'ಐ-ವೇ' ಸೈಬರ್ ಕೆಫೆಗಳು ನೆನಪಿರಬಹುದು. ಸತ್ಯಂ ಮತ್ತು ಇನ್ಫೋವೇ ಎರಡನ್ನೂ ಕತ್ತರಿಸಿ ಅಂಟಿಸಿದಾಗ ಹುಟ್ಟಿದ ಪದ 'ಸಿಫಿ'. ನಿಘಂಟಿನಲ್ಲಿ ಇಲ್ಲದ, ಯಾರೂ ಕೇಳಿರದ ಹೆಸರು. 1999ರ ಜೂನ್‌ನಲ್ಲಿ ಸಿಫಿ ಸೇರಿದ ಹಲವು ಡೊಮೈನ್‌ಗಳನ್ನು ಕಂಪನಿ ನೋಂದಾಯಿಸಿತು. ಅದೇ ಅಕ್ಟೋಬರಿನಲ್ಲಿ ನಾಸ್ಡಾಕ್ ಪೇಟೆಗೆ ಹೋಯಿತು.

ಆ ವರ್ಷ ನವೆಂಬರಿನ ಸುದ್ದಿ ಬ್ಯಾಂಕಿನವರೆಲ್ಲ ಬಾಯಿಮೇಲೆ ಬೆರಳಿಡುವಂಥದು. ಮುಂಬಯಿಯ ರಾಜೇಶ್ ಜೈನ್ ಅವರು 1995ರಲ್ಲಿ ಶುರುಮಾಡಿದ್ದ ಇಂಡಿಯಾವರ್ಲ್ಡ್ ಅನ್ನು ಸತ್ಯಂ ಇನ್ಫೋವೇ 499 ಕೋಟಿ ರೂಪಾಯಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಸಮಾಚಾರ್, ಖೋಜ್, ಖೇಲ್, ಬಾವರ್ಚಿ... ಎಲ್ಲ ಯಾರ ಬಾಯಲ್ಲೂ ಇರುವ ಮಾತುಗಳು. ಕಾರ್ಖಾನೆಯಿಲ್ಲ, ಗೋದಾಮಿಲ್ಲ, ಅಡವಿಡಲು ಯಂತ್ರವಿಲ್ಲ. ಆದರೆ ಆ ಹೆಸರುಗಳು ಬರೀ ನೋಂದಾಯಿಸಿ ಬಿಟ್ಟವಲ್ಲ. ಪ್ರತಿಯೊಂದರ ಹಿಂದೆ ಸುದ್ದಿ, ಅಡುಗೆ, ಕ್ರಿಕೆಟ್ ಅಂತ ನಾಲ್ಕು ವರ್ಷದ ಕೆಲಸವಿತ್ತು, ವಿದೇಶದಲ್ಲಿದ್ದ ಭಾರತೀಯರು ದಿನಾ ತೆರೆದು ನೋಡುತ್ತಿದ್ದರು. ಬೆಲೆ ಅತಿಯಾಯಿತು ಅನ್ನಬಹುದು, ಮರುವರ್ಷವೇ ಡಾಟ್ ಕಾಮ್ ಗುಳ್ಳೆ ಒಡೆಯಿತು. ಆದರೂ ಕೊಂಡದ್ದು ಓದುಗರ ಅಭ್ಯಾಸವನ್ನು, ಖಾಲಿ ಅಕ್ಷರಗಳನ್ನಲ್ಲ.

ಅಷ್ಟರಲ್ಲಿ ನಮ್ಮ ಕೋರ್ಟುಗಳಿಗೂ ಇಂಥ ದಾವೆಗಳು ಬರತೊಡಗಿದ್ದವು. 1999ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ 'ಯಾಹೂ ಇಂಡಿಯಾ' ಎಂದು ಹೆಸರಿಟ್ಟುಕೊಂಡವರನ್ನು ತಡೆಯಿತು. ಅವರು ಯಾಹೂ ಪುಟದ ರೂಪವನ್ನೇ ನಕಲು ಮಾಡಿದ್ದರು. ನಮಗೂ ಆ ಕಂಪನಿಗೂ ಸಂಬಂಧವಿಲ್ಲ ಎಂಬ ಒಕ್ಕಣೆ ಹಾಕಿದರೆ ಸಾಲದು ಎಂದಿತು ಕೋರ್ಟು. ಅದೇ ವರ್ಷ ಬಾಂಬೆ ಹೈಕೋರ್ಟ್ ರೀಡಿಫ್ ಪರವಾಗಿ 'ರ‍್ಯಾಡಿಫ್' ಎಂಬ ಹೆಸರನ್ನು ತಡೆಯಿತು.

ಆಮೇಲೆ ಬಂದದ್ದು ಸಿಫಿ ಮೊಕದ್ದಮೆ. 2001ರ ಜೂನ್‌ನಲ್ಲಿ ಸಿಫಿನೆಟ್ ಸೊಲ್ಯೂಷನ್ಸ್ ಎಂಬ ಇನ್ನೊಂದು ಕಂಪನಿ ಒಂದು 'ಎಫ್' ಹೆಚ್ಚಿಗೆ ಸೇರಿಸಿ 'ಸಿಫ್ಫಿನೆಟ್' ಎಂಬ ಡೊಮೈನ್ ನೋಂದಾಯಿಸಿತು. ಅವರದು ನೆಟ್‌ವರ್ಕ್ ಮಾರ್ಕೆಟಿಂಗ್ ವ್ಯವಹಾರ. ಸತ್ಯಂ ಇನ್ಫೋವೇ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ ಹೋಗಿ ತಾತ್ಕಾಲಿಕ ತಡೆಯಾಜ್ಞೆ ಪಡೆಯಿತು. ಕರ್ನಾಟಕ ಹೈಕೋರ್ಟ್ ಅದನ್ನು ತೆಗೆದುಹಾಕಿತು: ಇಬ್ಬರ ವ್ಯವಹಾರ ಬೇರೆ ಬೇರೆ, ಪ್ರತಿವಾದಿ ಈಗಾಗಲೇ ಹಣ ಹೂಡಿ ಸಾವಿರಾರು ಸದಸ್ಯರನ್ನು ಮಾಡಿಕೊಂಡಿದ್ದಾರೆ, ನಿಲ್ಲಿಸಿದರೆ ಅವರಿಗೇ ಹೆಚ್ಚು ನಷ್ಟ ಎಂದು.

ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2004ರ ಮೇ 6ರಂದು ನ್ಯಾಯಮೂರ್ತಿ ರೂಮಾ ಪಾಲ್ ಮತ್ತು ನ್ಯಾಯಮೂರ್ತಿ ಪಿ. ವೆಂಕಟರಾಮ ರೆಡ್ಡಿ ಅವರ ಪೀಠ ತೀರ್ಪು ಕೊಟ್ಟಿತು. ಡೊಮೈನ್ ವಿವಾದಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನು ಇರಲಿಲ್ಲ. ಹಾಗಿದ್ದರೂ ಡೊಮೈನ್ ಹೆಸರಿಗೆ ಟ್ರೇಡ್ ಮಾರ್ಕಿನ ಲಕ್ಷಣಗಳೆಲ್ಲ ಇವೆ, ಆದ್ದರಿಂದ 'ಪಾಸಿಂಗ್ ಆಫ್', ಅಂದರೆ ತನ್ನ ಸರಕನ್ನು ಇನ್ನೊಬ್ಬರದೆಂದು ದಾಟಿಸುವುದನ್ನು ತಡೆಯುವ ಹಳೆಯ ತತ್ವ ಇಲ್ಲಿಗೂ ಅನ್ವಯಿಸುತ್ತದೆ ಎಂದಿತು. ತಮ್ಮ ಐವರು ಪ್ರವರ್ತಕರ ಹೆಸರಿನ ಮೊದಲಕ್ಷರಗಳಿಂದ ಆ ಪದ ಬಂತು ಎಂಬ ಪ್ರತಿವಾದಿಯ ವಿವರಣೆಯನ್ನು ಪೀಠ ನಂಬಲಿಲ್ಲ. ಅಂತರ್ಜಾಲದಲ್ಲಿ ಹುಡುಕುವವನಿಗೆ ಒಂದಕ್ಷರದ ವ್ಯತ್ಯಾಸ ನೆನಪಿರುವುದಿಲ್ಲ, ವ್ಯವಹಾರ ಬೇರೆ ಎಂಬುದೂ ಅವನಿಗೆ ತಿಳಿಯುವುದಿಲ್ಲ ಎಂದು ಹೇಳಿ ಬೆಂಗಳೂರಿನ ಸಿವಿಲ್ ಕೋರ್ಟಿನ ತಡೆಯಾಜ್ಞೆಯನ್ನು ಮತ್ತೆ ಜಾರಿ ಮಾಡಿತು.

ಗಮನಿಸಿ, ಮೊದಲು ನೋಂದಾಯಿಸಿದ್ದೇ ಹಕ್ಕು ಎಂಬ ವಾದಕ್ಕೆ ಇಲ್ಲಿ ಜಾಗ ಸಿಗಲಿಲ್ಲ. ಹೆಸರನ್ನು ಯಾಕೆ ಆರಿಸಿಕೊಂಡೆ, ಅದರ ಮೇಲೆ ಏನು ಕಟ್ಟಿದೆ ಎಂದು ಕೋರ್ಟು ಕೇಳಿತು. ಜಗತ್ತಿನ ಬೇರೆಡೆಯೂ ಅದೇ ಲೆಕ್ಕ. 1999ರಲ್ಲಿ ಐಕ್ಯಾನ್ ತಂದ ಏಕರೂಪ ವಿವಾದ ನೀತಿಯ ಅಡಿಯಲ್ಲಿ ಬಂದ ಮೊದಲ ದೂರು ಕುಸ್ತಿ ಕಂಪನಿ ವರ್ಲ್ಡ್ ರೆಸ್ಲಿಂಗ್ ಫೆಡರೇಷನ್‌ನದು. ಹೆಸರು ನೋಂದಾಯಿಸಿದ ಮೂರೇ ದಿನಕ್ಕೆ ಆತ ಮಾರುವ ಉದ್ದೇಶ ತಿಳಿಸಿ ಪತ್ರ ಬರೆದಿದ್ದ, ಕೊನೆಗೆ 1,000 ಡಾಲರ್ ಕೇಳಿದ. ಜಾಲತಾಣವನ್ನೇ ಕಟ್ಟಿರಲಿಲ್ಲ. 2000ದ ಜನವರಿಯಲ್ಲಿ ಹೆಸರು ಕಂಪನಿಗೆ ಹೋಯಿತು. ಮರುತಿಂಗಳು ಆಸ್ಟ್ರೇಲಿಯದ ಟೆಲ್‌ಸ್ಟ್ರಾ ಪ್ರಕರಣದಲ್ಲಿ, ಏನೂ ಮಾಡದೆ ಸುಮ್ಮನೆ ಹಿಡಿದಿಟ್ಟುಕೊಳ್ಳುವುದೂ ಸಂದರ್ಭ ನೋಡಿ ದುರುದ್ದೇಶವೇ ಆಗಬಹುದು ಎಂಬ ತೀರ್ಮಾನ ಬಂತು.

ಹಾಗಾದರೆ ಹೆಸರು ಮಾರುವವರೆಲ್ಲ ಕಳ್ಳರೇ? ಖಂಡಿತ ಅಲ್ಲ. ನಮ್ಮ ಚೆನ್ನೈನ ಹೋಟೆಲುಗಳನ್ನೇ ನೋಡಿ. 'ಉಡುಪಿ' ಎಂಬ ಬೋರ್ಡು ಯಾರು ಬೇಕಾದರೂ ಹಾಕಬಹುದು, ಊರಿನ ಹೆಸರು ಎಲ್ಲರದು. ಆದರೆ ಉಡುಪಿ ಕಡೆಯಿಂದ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ಶುರುಮಾಡಿ ಬೆವರು ಸುರಿಸಿ ಬೆಳೆಸಿದ 'ವುಡ್‌ಲ್ಯಾಂಡ್ಸ್' ಹೆಸರಿನ ವಿಷಯ ಬೇರೆ. ಡೊಮೈನ್‌ನಲ್ಲೂ ಇದೇ ಭೇದ. ಸಾಮಾನ್ಯ ಪದ, ಹಣ್ಣಿನ ಹೆಸರು, ವೃತ್ತಿಯ ಹೆಸರು ಹಿಡಿದು, ಚೆನ್ನಾಗಿ ಸಜ್ಜುಗೊಳಿಸಿ, ಬೇಕಾದವರಿಗೆ ಮಾರುವುದು ಮರ್ಯಾದೆಯ ವ್ಯಾಪಾರ. ಕನ್ನಡ ಮ್ಯಾಟ್ರಿಮನಿ ನಡೆಸುವ ಚೆನ್ನೈನ ಕಂಪನಿ ಗೂಗಲ್ ಜಾಹೀರಾತುಗಳ ವಿರುದ್ಧ ಮದ್ರಾಸ್ ಹೈಕೋರ್ಟಿಗೆ ಹೋದಾಗ, 2010ರಲ್ಲಿ ನ್ಯಾಯಮೂರ್ತಿ ವಿ. ರಾಮಸುಬ್ರಮಣಿಯನ್ ಮಧ್ಯಂತರ ತಡೆ ಕೊಡಲಿಲ್ಲ. ಭಾಷೆ, ಸಮುದಾಯದ ಹೆಸರಿಗೆ ಮದುವೆ ಸೇರಿಸಿದ ಪದಗಳು ವಿವರಣಾತ್ಮಕ ಎಂಬುದು ಅಲ್ಲಿ ಮುಖ್ಯ ವಿಷಯವಾಯಿತು.

ಹಳೆಯ ಕಥೆ ಮುಗಿಯಿತು ಅಂದುಕೊಳ್ಳಬೇಡಿ. 2023ರಲ್ಲಿ ದೆಹಲಿಯ ಒಬ್ಬ ಯುವ ತಂತ್ರಜ್ಞ ಜಿಯೋ ಮತ್ತು ಹಾಟ್‌ಸ್ಟಾರ್ ಒಂದಾಗಬಹುದೆಂದು ಊಹಿಸಿ ಜೋಡಿ ಹೆಸರನ್ನು ನೋಂದಾಯಿಸಿದ. 2024ರ ಅಕ್ಟೋಬರಿನಲ್ಲಿ ಆ ಪುಟದಲ್ಲಿ ಒಂದು ಪತ್ರ ಹಾಕಿ, ತನ್ನ ಕೇಂಬ್ರಿಡ್ಜ್ ಓದಿನ ಖರ್ಚು ಕೊಟ್ಟರೆ ಹೆಸರು ಕೊಡುತ್ತೇನೆ ಎಂದ. ಆಮೇಲೆ ದುಬೈಯ ಇಬ್ಬರು ಮಕ್ಕಳ ಕೈಗೆ ಹೋದ ಆ ಹೆಸರನ್ನು ಅವರು ಕಂಪನಿಗೆ ಪುಕ್ಕಟೆ ಕೊಡುವುದಾಗಿ ಹೇಳಿದರು. ಹುಡುಗನ ಮೇಲೆ ಕನಿಕರ ಬರುತ್ತದೆ, ಸರಿ. ಆದರೆ ಎರಡೂ ಹೆಸರು ಅವನದಲ್ಲವಲ್ಲ.

ಇದೆಲ್ಲ ದೊಡ್ಡವರ ಜಗಳ, ನಮಗೇನು ಅನ್ನಬೇಡಿ. ಬ್ಯಾಂಕಿನ ಹೆಸರಿಗೆ ಒಂದಕ್ಷರ ಸೇರಿಸಿ ಬೆಳಿಗ್ಗೆ ನೋಂದಾಯಿಸಿ, ಅದೇ ಬಣ್ಣದ ಪುಟ ಕಟ್ಟಿ, ಸಂಜೆಯೊಳಗೆ ನಿವೃತ್ತರ ಠೇವಣಿ ಗುಡಿಸಿಹಾಕುವ ಖದೀಮರಿಗೂ ಬೇಕಾದದ್ದು ಅದೇ ಹಳೆಯ ಯುಕ್ತಿ. ಅವರು ಹೆಸರನ್ನು ಮಾರುವುದಿಲ್ಲ, ಹೆಸರಿನ ಮೇಲಿನ ನಂಬಿಕೆಯನ್ನು ಕದಿಯುತ್ತಾರೆ, ಅಷ್ಟೇ ವ್ಯತ್ಯಾಸ. ಕೋರ್ಟಿಗೆ ಹೋಗಿ ತಡೆಯಾಜ್ಞೆ ತರುವಷ್ಟರಲ್ಲಿ ದುಡ್ಡು ಹೋಗಿರುತ್ತದೆ. ಅದಕ್ಕೇ ರಿಸರ್ವ್ ಬ್ಯಾಂಕ್ 2025ರಲ್ಲಿ, ಬ್ಯಾಂಕುಗಳೆಲ್ಲ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬರಬೇಕೆಂದು ಆದೇಶಿಸಿತು. ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ಒಂದೇ ಇದರ ರಿಜಿಸ್ಟ್ರಾರ್, ಬ್ಯಾಂಕುಗಳಿಗೆ ಮಾತ್ರ ಕೊಡುತ್ತದೆ. ಮೊದಲು ಬಂದವರಿಗೆ ಎಂಬ ನಿಯಮಕ್ಕೆ ಇಲ್ಲಿ ಬೀಗ ಬಿತ್ತು. ಊರಿನಲ್ಲಿರುವ ನಿಮ್ಮ ಅಪ್ಪ ಅಮ್ಮಂದಿರಿಗೆ ಇವತ್ತೇ ಫೋನ್ ಮಾಡಿ, ಬ್ಯಾಂಕಿನ ವಿಳಾಸದ ಕೊನೆ ನೋಡುವುದನ್ನು ಕಲಿಸಿ.

ಇನ್ನೊಂದು ಮಾತು. ಹೊರನಾಡಿನ ನಮ್ಮ ಕನ್ನಡ ಸಂಘಗಳು ಉತ್ಸಾಹದಲ್ಲಿ ಡೊಮೈನ್ ಕೊಂಡು, ಕಾರ್ಯದರ್ಶಿ ಬದಲಾದಾಗ ನವೀಕರಣ ಮರೆಯುವುದುಂಟು. ಅವಧಿ ಮುಗಿದ ಹೆಸರು ಒಡನೆ ಹೋಗುವುದಿಲ್ಲ, ಸಾಮಾನ್ಯವಾಗಿ ಕೆಲವು ವಾರಗಳ ರಿಯಾಯಿತಿ, ಮತ್ತೆ 30 ದಿನ ಹೆಚ್ಚು ಶುಲ್ಕದಲ್ಲಿ ಬಿಡಿಸಿಕೊಳ್ಳುವ ಅವಕಾಶ ಇರುತ್ತದೆ. ಅದೂ ದಾಟಿದರೆ ಕಾದು ಕೂತ ವ್ಯಾಪಾರಿಯ ಪಾಲು. ಆಮೇಲೆ ಸಂಘದ ಹಳೆಯ ವಿಳಾಸ ತೆರೆದರೆ ಜೂಜಿನ ಜಾಹೀರಾತು ಕಂಡೀತು. ಹೆಸರನ್ನು ವ್ಯಕ್ತಿಯ ಹೆಸರಿನಲ್ಲಿ ಇಡದೆ ಸಂಘದ ಹೆಸರಿನಲ್ಲೇ ನೋಂದಾಯಿಸಿ, ನವೀಕರಣದ ದಿನಾಂಕವನ್ನು ಲೆಕ್ಕಪತ್ರದ ಪುಸ್ತಕದಲ್ಲಿ ಬರೆದಿಡಿ. ಆಡಿಟರ್ ನೋಡಲಿ. ವರ್ಷಕ್ಕೆ ಒಂದು ಊಟದ ಖರ್ಚು ಅಷ್ಟೇ, ಏನಂತೀರಿ?